ಊರಿನದೇ ಬೇಕು, ಅಗ್ಗಕ್ಕೇ ಬೇಕು

ರಜೆಗೆಂದು ಬೆಂಗಳೂರಿನಿಂದ ಬಂದವರು ಅಂಕೋಲೆಯ ಸಂತೆಗೆ ಕಾಲಿಟ್ಟರೆ ಸಾಕು, ಕಂಡದ್ದೆಲ್ಲ ಊರಿನದೇ ಆಗಿರಬೇಕು. ಬೆಂಡೆ ಊರಿನದು, ಸೌತೆ ಊರಿನದು, ಹರಿವೆ ಊರಿನದು. ಬೆಲೆ ಮಾತ್ರ ಮೂವತ್ತು ವರ್ಷದ ಹಿಂದಿನದು.

ಸಂತೆಯವರೇನು ಕಮ್ಮಿಯೇ? ಗಿರಾಕಿಯ ಮುಖ ನೋಡಿಯೇ ಅವನ ಜೇಬು ಅಳೆಯುವವರು. "ಊರಿನದಾ?" ಎಂದರೆ "ಊರಿನದೇ" ಎನ್ನುತ್ತಾರೆ. ಯಾವ ಊರು ಎಂದು ನೀವು ಕೇಳಲಿಲ್ಲ, ಅವರು ಹೇಳಲಿಲ್ಲ. ಹುಬ್ಬಳ್ಳಿಯೂ ಒಂದು ಊರೇ, ಬೆಳಗಾವಿಯೂ ಒಂದು ಊರೇ! ಹೂಕೋಸು, ಬೀನ್ಸ್, ಬೀಟ್‌ರೂಟ್ ಎಲ್ಲ ಬಹುಪಾಲು ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿದವು. ಒಂದರ ಹಾಗೆ ಇನ್ನೊಂದು, ಅಚ್ಚು ಹಾಕಿ ತೆಗೆದಂತೆ ಕೂತಿರುತ್ತವೆ.

ಖರೆ ಊರಿನ ಮಾಲು ಬೇಕೆಂದರೆ ತಕ್ಕಡಿ ಇಲ್ಲದ ಕಡೆ ಹೋಗಿ. ಕೊರಳ ತುಂಬ ಮಣಿಸರ ಹೇರಿಕೊಂಡ ಹಾಲಕ್ಕಿ ಅಜ್ಜಿ ಗೋಣಿತಟ್ಟು ಹಾಸಿ ಕೂತಿರುತ್ತಾಳೆ. ಮುಂದೆ ಬಾಳೆನಾರಿನಲ್ಲಿ ಕಟ್ಟಿದ ಏಳೆಂಟು ಕಟ್ಟು ಕೆಂಪು ಹರಿವೆ, ಬೇರಿಗಂಟಿದ ಮಣ್ಣು ಇನ್ನೂ ಹಸಿ. ಒಂದು ಗುಡ್ಡೆ ಬೆಂಡೆ, ಅದರಲ್ಲೊಂದು ಉದ್ದ, ಒಂದು ಗಿಡ್ಡ, ಒಂದು ಡೊಂಕು. ಎರಡು ಮೊಗೆಕಾಯಿ. ಅಂಚಿಗೆ ಒಂದು ಹಿಡಿ ಬಿಂಬಲಕಾಯಿ. ಅಷ್ಟೇ ಅಂಗಡಿ. ಭತ್ತ ಕೊಯ್ದ ಗದ್ದೆಯಲ್ಲಿ ಸಾಲು ಮಾಡಿ, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು.

ಆ ಅಜ್ಜಿ ಹರಿವೆ ಕಟ್ಟಿಗೆ ಇಪ್ಪತ್ತು ಅಂದಳೋ, ನಮ್ಮ ಸಾವಯವಪ್ರೇಮಿ ಹೌಹಾರುತ್ತಾರೆ. "ಇಪ್ಪತ್ತಾ? ಹತ್ತಕ್ಕೆ ಕೊಡೇ ಅಜ್ಜಿ." ಇದೇ ಹರಿವೆ ಬೆಂಗಳೂರಿನ ಏಸಿ ಅಂಗಡಿಯಲ್ಲಿ ‘ಆರ್ಗ್ಯಾನಿಕ್’ ಚೀಟಿ ಅಂಟಿಸಿಕೊಂಡು ಕೂತಿದ್ದರೆ ಬೆಲೆ ಓದದೆ ಬುಟ್ಟಿಗೆ ಹಾಕುವವರೂ ಇವರೇ. ಅಜ್ಜಿ ಜಗ್ಗುವವಳಲ್ಲ. "ಒಡ್ಯಾ, ಬೇಡಾದ್ರೆ ಅಲ್ಲೇ ಇಡಿ" ಎಂದು ಕವಳ ಬಾಯಿಗೆ ಹಾಕಿಕೊಂಡು ಆಚೆ ನೋಡುತ್ತಾಳೆ. ಒಡೆಯರು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುತ್ತಾರೆ. ಕರೆಯುತ್ತಾಳೇನೋ ಎಂದು. ಕರೆಯುವುದಿಲ್ಲ. ಮರಳಿ ಬಂದು ಇಪ್ಪತ್ತು ಕೊಟ್ಟು, ಮಾನ ಉಳಿಸಿಕೊಳ್ಳಲು ಎರಡು ಬೆಂಡೆ ಕೊಸರು ಕೇಳುತ್ತಾರೆ. ಅಜ್ಜಿ ಮೂರು ಹಾಕುತ್ತಾಳೆ.

ಈ ತಾಲ್ಲೂಕಿನ ಇಬ್ಬರು ಹಾಲಕ್ಕಿ ಅಜ್ಜಿಯರಿಗೆ ಪದ್ಮಶ್ರೀ ಬಂದಿದೆ. ಹಾಡಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಕಾಡು ಬೆಳೆಸಿದ ತುಳಸಿ ಗೌಡರಿಗೆ 2020ರಲ್ಲಿ. ಆಗ ಅವರ ಫೋಟೊವನ್ನು ವಾಟ್ಸಾಪಿನಲ್ಲಿ ಹಂಚಿ ಕೈಮುಗಿದವರೂ ನಾವೇ, ಅದೇ ಉಡುಗೆಯ ಅಜ್ಜಿಯ ಜೊತೆ ಸಂತೆಯಲ್ಲಿ ಐದು ರೂಪಾಯಿಗೆ ಜಗಳ ಕಾಯುವವರೂ ನಾವೇ.

ಇನ್ನು ಮೇ ತಿಂಗಳು ಬಂತೆಂದರೆ ಮಾವಿನ ಪುರಾಣ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅಂದಿನಿಂದ ಬಿಳಿ ಇಶಾಡದ ಮರಗಳೆಲ್ಲ ಎಲ್ಲಿಗೆ ಹೋದವೋ ದೇವರಿಗೇ ಗೊತ್ತು, ಕೇಳಿದರೆ ಬುಟ್ಟಿಯಲ್ಲಿರುವುದೆಲ್ಲ ಕರಿಯೇ! ಕರಿಯದರ ಸಿಪ್ಪೆ ತೆಳು, ತಿರುಳು ಹೆಚ್ಚು. ಬಿಳಿಯದರ ಸಿಪ್ಪೆ ದಪ್ಪ. ಇಷ್ಟು ಗೊತ್ತಿದ್ದರೆ ಸಾಕು. ಆದರೆ ಈ ಹಣ್ಣು ಹೆಚ್ಚು ದಿನ ತಾಳದು. "ಒಂದು ವಾರ ಇಟ್ಟು ತಿನ್ನುವಂಥದ್ದು ಕೊಡು" ಎನ್ನುವವರಿಗೆ ಯಾವ ಅಜ್ಜಿಯೂ ಏನೂ ಮಾಡಲಾರಳು. ಅವರು ಹಿಂದಿರುಗುವಾಗ ಕುಮಟೆಯ ಅಳ್ವೇಕೋಡಿಯಲ್ಲಿ ಕಾರು ನಿಲ್ಲಿಸಿ, ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಬಿಟ್ಟಿರುವ ಸಿಹಿ ಈರುಳ್ಳಿ ಒಯ್ಯಲಿ. ಅಡುಗೆಮನೆಯಲ್ಲಿ ನೇತುಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ, ನೆಂಟರಿಗೆ ತೋರಿಸುವುದಕ್ಕೂ ಆಯಿತು.

ಸಂತೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಅಜ್ಜಿಯ ಹರಿವೆ ನಿಮಗಾಗಿ ಮಧ್ಯಾಹ್ನದವರೆಗೆ ಕಾಯುವುದಿಲ್ಲ, ಅವಳ ಬಸ್ಸೂ ಕಾಯುವುದಿಲ್ಲ. ಕೈಚೀಲ ಮರೆಯಬೇಡಿ. ಐನೂರರ ನೋಟು ಚಾಚದೆ ಹತ್ತು, ಇಪ್ಪತ್ತರ ಚಿಲ್ಲರೆ ಒಯ್ಯಿರಿ. ಚೌಕಾಸಿ ಮಾಡದೆ ತಂದ ತರಕಾರಿ ರುಚಿಸುವುದೇ ಇಲ್ಲ ಎನ್ನುವವರು ಲಾರಿಯಿಂದಿಳಿದ ಹೂಕೋಸಿನ ಮುಂದೆ ನಿಂತು ಮನಸಾರೆ ಮಾಡಿ. ಅಲ್ಲಿ ಬೆಲೆ ಇಳಿಯುತ್ತದೆ.