ಲಿಂಗರಾಜ ಕಾಲೇಜಿನಾಗೇನ್ರಿ?

ನಮ್ಮಪ್ಪ ಲಿಂಗ್ವಿಸ್ಟಿಕ್ಸ್ ಪ್ರೊಫೆಸರ್ ಎಂದರೆ ಖಾನಾಪುರದಲ್ಲಿ ಮರುಪ್ರಶ್ನೆ ಒಂದೇ: ‘ಲಿಂಗರಾಜ ಕಾಲೇಜಿನಾಗೇನ್ರಿ?’ ಅಪ್ಪನಿಗೂ ಬೆಳಗಾವಿಯ ಆ ಕಾಲೇಜಿಗೂ ಸಂಬಂಧವಿರಲಿಲ್ಲ. ಮೊದಮೊದಲು ತಿದ್ದುತ್ತಿದ್ದ. ‘ಫ್ರೆಂಚ್ ಭಾಷಾಶಾಸ್ತ್ರ ರೀ’ ಎಂದರೆ, ಶಾಸ್ತ್ರ ಎಂಬುದಷ್ಟೇ ಕಿವಿಗೆ ಬಿದ್ದು ಅಂಗೈ ಚಾಚಿದವರೂ ಉಂಟು. ಕೊನೆಗೆ ‘ಹೌದ್ರಿ, ಲಿಂಗರಾಜ’ ಎಂದು ಒಪ್ಪಿಕೊಂಡುಬಿಟ್ಟ.

ಬೆಳಿಗ್ಗೆ ಖಾನಾಪುರದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದರೆ ದೇಸೂರು ಬರುವಷ್ಟರಲ್ಲಿ ಅವನ ಪಾಠ ತಯಾರು. ಡಬ್ಬಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿರುತ್ತಿದ್ದವು. ತರಗತಿಯಲ್ಲೂ ಹಾಗೇ. ಕೊಂಕಣಿಯ ಹುಡುಗ ಫ್ರೆಂಚಿನ ಮೂಗಿನ ಸ್ವರಗಳನ್ನು ಸಲೀಸಾಗಿ ನುಡಿದರೆ, ನಮ್ಮ ಕನ್ನಡದವರಿಗೆ ನೆಗಡಿಯಾಗಿದ್ದ ದಿನವಷ್ಟೇ ಆ ಭಾಗ್ಯ. ಬಸ್ಸು, ಕಾರು ಎಂದು ಸಿಕ್ಕ ಪದಕ್ಕೆಲ್ಲ ‘ಉ’ ಅಂಟಿಸುವ ಜನ ನಾವು. ಫ್ರೆಂಚರು ಬರೆದದ್ದನ್ನೂ ನುಂಗುವವರು, ಪ್ಯಾರಿಸ್ ಅವರ ಬಾಯಲ್ಲಿ ‘ಪಾರಿ’. ‘ನಾವು ಬಾಲ ಹಚ್ಚವ್ರು, ಅವ್ರು ಬಾಲ ಕತ್ತರಸವ್ರು’ ಎನ್ನುತ್ತಿದ್ದ ಅಪ್ಪ.

ಸಂಧಿ ಬಂದರಂತೂ ಅವನಿಗೆ ಹಬ್ಬ. ‘ಊರು’, ‘ಅಲ್ಲಿ’ ಕೂಡಿ ‘ಊರಲ್ಲಿ’ ಆದಂತೆ, ‘ಲಾ’ ಎಂಬ ಉಪಪದಕ್ಕೆ ನೀರು ಎಂಬರ್ಥದ ‘ಓ’ ಕೂಡಿದರೆ ‘ಲೋ’. ಲೋಪಸಂಧಿ, ವೈಯಾಕರಣ ಕೇಶಿರಾಜನ ಆಣೆಗೂ! ಮೈಸೂರು ಕಡೆಯ ಹುಡುಗನೊಬ್ಬ ಮಾತ್ರ ಇಡೀ ವರ್ಷ ನೀರು ಕೇಳಲಿಲ್ಲ. ಗುರುಗಳೆದುರು ‘ಲೋ’ ಅನ್ನುವುದು ಹೇಗೆ?

ಎಂಬತ್ತಕ್ಕೆ ಫ್ರೆಂಚರು ನಾಲ್ಕು ಇಪ್ಪತ್ತು ಎನ್ನುತ್ತಾರೆ. ತೊಂಬತ್ತು ಎಂದರೆ ನಾಲ್ಕು ಇಪ್ಪತ್ತು, ಹತ್ತು. ಹುಡುಗರು ನಕ್ಕರೆ ಅಪ್ಪ ನಮ್ಮಜ್ಜಿಯನ್ನು ಸಾಕ್ಷಿಗೆ ಕರೆಯುತ್ತಿದ್ದ. ಅಜ್ಜಿ ಖಾನಾಪುರದ ಹಂಚು ಎಣಿಸುತ್ತಿದ್ದದ್ದೇ ಹಾಗೆ: ‘ನಾಕಿಪ್ಪತ್ತು, ಮ್ಯಾಲ ಹತ್ತು.’ ಶಾಲೆಯ ಮುಖ ಕಾಣದವಳು. ಬೆಲ್ಜಿಯಮ್ಮಿನವರು ತೊಂಬತ್ತಕ್ಕೆ ನೇರ ಪದ ಇಟ್ಟುಕೊಂಡಿದ್ದಾರೆಂದು ಅಪ್ಪ ತಿಳಿಸಿದಾಗ, ‘ಅವ್ರು ಸಾಲಿ ಕಲ್ತಾರಂತ ಕಾಣ್ತದ’ ಎಂದಳು.

ಅಪ್ಪನ ಆರಾಧ್ಯದೈವ ಝ್ಯೂಲ್ ಬ್ಲಾಕ್. (‘ಝ್ಯೂಲ್’ನ ಕೊನೆಯ ‘ಸ್’ ಫ್ರೆಂಚರೇ ನುಂಗಿದ್ದಾರೆ, ನನ್ನ ತಪ್ಪಲ್ಲ.) ಪ್ಯಾರಿಸಿನ ಈ ಮನುಷ್ಯ ಮರಾಠಿ ಭಾಷೆ ಬೆಳೆದು ಬಂದ ಬಗೆಯ ಮೇಲೆ 1920ರಲ್ಲಿ ಒಂದು ಪುಸ್ತಕ, ದ್ರಾವಿಡ ಭಾಷೆಗಳ ವ್ಯಾಕರಣದ ಮೇಲೆ 1946ರಲ್ಲಿ ಇನ್ನೊಂದು ಪ್ರಕಟಿಸಿದ. ಹೊರಗೆ ಬೆಳಗಾವಿ ಯಾರದೆಂದು ಘೋಷಣೆ ಕೂಗುತ್ತಿದ್ದರೆ, ಒಳಗೆ ಕಪಾಟಿನಲ್ಲಿ ಆ ಎರಡೂ ಪುಸ್ತಕ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಿದ್ದವು. ಬಂದ್ ದಿನ ಗಾಡಿ ತಪ್ಪಿದರೆ ಅಪ್ಪ ಅವುಗಳ ಧೂಳು ಒರೆಸುತ್ತಿದ್ದ.

ಎರಡನೆಯದರ ಇಂಗ್ಲಿಷ್ ಅನುವಾದ, 1954ರಲ್ಲಿ ಪುಣೆಯಲ್ಲಿ ಅಚ್ಚಾದದ್ದು, ಈಗ ನನ್ನ ಬಳಿ ಇದೆ. ಕೊನೆಯ ಖಾಲಿ ಪುಟದಲ್ಲಿ ಏನೋ ಘನವಾದ ಟಿಪ್ಪಣಿಯಿರಬೇಕೆಂದು ಕನ್ನಡಕ ಹಾಕಿಕೊಂಡು ನೋಡಿದೆ. ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ: ‘ಹಂಚು, ನಾಕಿಪ್ಪತ್ತು. ಒಡೆದದ್ದು ಆರು.’