ಆಹಾ, ಪಡವಲಕಾಯಿ!

ಆಲೂಗಡ್ಡೆಯನ್ನು ತರಕಾರಿಯೆಂದು ಒಪ್ಪಿಕೊಂಡರೆ ನಾನೂ ತರಕಾರಿ ತಿನ್ನುವವನೇ. ಒಪ್ಪದಿದ್ದರೆ ಮಾತು ಬೇರೆ. ಹುಳಿಯೊಳಗಿನ ಹೋಳುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯಂಚಿಗೆ ಜೋಡಿಸಿ, ಊಟ ಮುಗಿಯುವಷ್ಟರಲ್ಲಿ ಅಲ್ಲೊಂದು ಪುಟ್ಟ ಕೋಟೆ ಕಟ್ಟಿಟ್ಟು ಏಳುವುದು ನಾನು ಬಾಲ್ಯದಲ್ಲೇ ಕರಗತ ಮಾಡಿಕೊಂಡ ಕಲೆ. ಮದುವೆಯಾದ ಮೇಲೂ ಕೈಬಿಟ್ಟಿಲ್ಲ. ಅದರಲ್ಲೂ ಪಡವಲಕಾಯಿ! ಅದು ಬೇಯುವ ವಾಸನೆ ಮೂಗಿಗೆ ಬಡಿದೊಡನೆ ಮನೆ ಬಾಗಿಲಿಂದಲೇ ಸ್ಕೂಟರ್ ತಿರುಗಿಸಿ ಮಸಾಲೆದೋಸೆಯ ದಿಕ್ಕು ಹಿಡಿದದ್ದುಂಟು. ಇಂಥವನಿಗೆ ಮಗಳು ಹುಟ್ಟಿ, ಆರು ತಿಂಗಳು ತುಂಬಿ, "ಮಗೂಗೆ ತರಕಾರಿ ರುಚಿ ಹತ್ತಿಸೋದು ಅಪ್ಪನ ಕೆಲಸ" ಎಂದು ಮನೆಯ ಮೂವರು ಹೆಂಗಸರು ಸರ್ವಾನುಮತದಿಂದ ತೀರ್ಮಾನಿಸಿದರು. ಬೇರೆ ಯಾವ ವಿಷಯದಲ್ಲೂ ಅವರಿಗೆ ಒಮ್ಮತವಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಮ್ಮ ರಾಗಿಯ ಪಕ್ಷ. ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ಕೊನೆಗೆ ತೆಳ್ಳನೆಯ ಬಟ್ಟೆಯಲ್ಲಿ ಜಾಲಿಸಿದಳು. ಆ ತೆಳ್ಳನೆಯ ಬಟ್ಟೆ ನನ್ನ ಮದುವೆಯ ಪಂಚೆಯೆಂದು ನನಗೆ ಗೊತ್ತಾದದ್ದು ಮಾರನೆಯ ದಿನ. "ಅದನ್ನು ಇನ್ನೊಂದು ಸಲ ಉಡೋ ಯೋಚನೆ ಇತ್ತೇನೋ?" ಎಂದಳು, ಸೊಸೆಯ ಎದುರಿಗೇ. ಪುತ್ತೂರಿನಿಂದ ಬಂದಿಳಿದ ಅತ್ತೆಯ ಚೀಲದಲ್ಲಿ ನೇಂದ್ರ ಬಾಳೆಕಾಯಿಯ ಪುಡಿಯಿತ್ತು, ಕುಚ್ಚಲಕ್ಕಿಯಿತ್ತು. ನನ್ನ ಹೆಂಡತಿಯ ಕೈಯಲ್ಲಿ ಮಕ್ಕಳ ಡಾಕ್ಟರು ಕೊಟ್ಟ ಚಾರ್ಟು. ವರ್ಷ ತುಂಬುವವರೆಗೆ ಉಪ್ಪಿಲ್ಲ, ಸಕ್ಕರೆಯಿಲ್ಲ, ಜೇನಂತೂ ಇಲ್ಲವೇ ಇಲ್ಲ. ಹೊಸದನ್ನು ಕೊಡುವಾಗ ಒಂದು ಸಲಕ್ಕೆ ಒಂದೇ. ಅನ್ನಪ್ರಾಶನಕ್ಕೆಂದು ಹೊರನಾಡಿಗೆ ಹೋದಾಗ ಮಗುವಿನ ತುಟಿಗೆ ಪಾಯಸ ಸೋಕಿತು; ಅನ್ನಪೂರ್ಣೇಶ್ವರಿಯ ಎದುರು ಚಾರ್ಟು ತೆಗೆಯುವ ಧೈರ್ಯ ಅವಳಿಗೂ ಬರಲಿಲ್ಲ.

ಜೇನಿನ ವಿಷಯ ಬಂತಲ್ಲ, ಹೇಳಿಬಿಡಬೇಕು. ನಂಟರೊಬ್ಬರು ಕೊಡಗಿನ ಜೇನಿನ ಬಾಟಲಿಯನ್ನೇ ಹಿಡಿದು ಬಂದರು. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು, ನಮ್ಮ ಹೊಟ್ಟೆ ಅದನ್ನು ತಡೆದುಕೊಂಡರೂ ಎಳೆಮಗುವಿನ ಕರುಳಿಗೆ ಆ ಶಕ್ತಿ ಇರುವುದಿಲ್ಲ ಎಂದು ನನ್ನ ಹೆಂಡತಿ ವಿನಯದಿಂದಲೇ ವಿವರಿಸಿದಳು. "ನಾವೆಲ್ಲ ಜೇನು ನೆಕ್ಕಿಯೇ ಬೆಳೆದದ್ದಮ್ಮ" ಎಂದರು. ಬೆಳೆದು ಏನಾದಿರಿ ಎಂದು ಕೇಳುವ ಆಸೆ ನಾಲಗೆಯ ತುದಿಯವರೆಗೆ ಬಂದು ಹಿಂತಿರುಗಿತು. ಹೋಗುವಾಗ ಮಗುವನ್ನು ಎತ್ತಿ ತೂಗಿ, "ಸ್ವಲ್ಪ ಇಳಿದಿದೆ ಅಲ್ವಾ?" ಎಂದರು. ಅವರು ಅವಳನ್ನು ನೋಡುತ್ತಿದ್ದದ್ದು ಅದೇ ಮೊದಲು.

ರಾಗಿ ಸರಿ ತಕರಾರಿಲ್ಲದೆ ಇಳಿಯಿತು. ಕ್ಯಾರೆಟ್ಟು, ಸಿಹಿಗುಂಬಳ ಕೂಡ ಆದವು; ಸಿಹಿಯಾದದ್ದನ್ನು ಮೆಚ್ಚುವ ನಾಲಗೆಯನ್ನು ಮಕ್ಕಳು ಹುಟ್ಟುತ್ತಲೇ ತಂದಿರುತ್ತಾರೆ, ಅದಕ್ಕೆ ಯಾರ ಪ್ರಯತ್ನವೂ ಬೇಡ. ಆಮೇಲೆ ಅಮ್ಮ ದೇವರಾಜ ಮಾರುಕಟ್ಟೆಯಿಂದ ಚೀಲದ ಹೊರಗೆ ಮೊಳದುದ್ದ ಚಾಚಿಕೊಂಡಿದ್ದ ಒಂದು ವಸ್ತುವಿನೊಂದಿಗೆ ಬಂದಳು. ನಾನು ಕೂಡಲೇ ಆಫೀಸಿನ ಫೋನು ಬಂದಂತೆ ಎದ್ದೆ.

"ಕೂತ್ಕೋ. ಎಳೇದು ಸಿಕ್ತು. ಸುಲಭವಾಗಿ ಅರಗುತ್ತೆ" ಎಂದಳು ಅಮ್ಮ.

ತಿರುಳು ತೆಗೆದು, ಆವಿಯಲ್ಲಿ ಬೇಯಿಸಿ, ಮಸೆದು, ಜರಡಿ ಹಿಡಿದ ಪಡವಲಕಾಯಿಗೆ ತೆಳು ಹಸಿರು ಬಣ್ಣವಿರುತ್ತದೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ತೆಂಗಿನತುರಿಯ ಮರೆಯೂ ಇಲ್ಲ. ನಾನು ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಪುಟ್ಟಿಯ ಬಾಯಿಗಿಟ್ಟೆ. ಅವಳ ನಾಲಗೆ ಅದನ್ನು ಹಾಗೇ ಗಲ್ಲದ ಮೇಲಕ್ಕೆ ತಂದು ಬಿಟ್ಟಿತು. "ನೋಡಿ, ಅವಳಿಗೂ ಬೇಡ" ಎಂದು ನಾನು ಸಂಭ್ರಮದಿಂದ ಎದ್ದೆ. ನಾಲಗೆ ಹೊರಗೆ ತಳ್ಳುವುದು ಎಳೆಮಕ್ಕಳ ಹುಟ್ಟುಗುಣ, ಅದು ಮಾಯವಾಗುತ್ತಿರುವ ಕಾಲ ಇದು, ಅದಕ್ಕೂ ರುಚಿಗೂ ಸಂಬಂಧವಿಲ್ಲ ಎಂದು ಹೆಂಡತಿ ಚಾರ್ಟಿನ ಮರೆಯಿಂದ ಹೇಳಿದಳು. ಒಂದು ತರಕಾರಿ ಮಗುವಿಗೆ ಒಗ್ಗಬೇಕಾದರೆ ಎಂಟು ಹತ್ತು ಸಲವಾದರೂ ಕೊಡಬೇಕಾದೀತಂತೆ. "ಮೊದಲು ನೀವು ತಿಂದು ತೋರಿಸಿ. ಅವಳು ನಿಮ್ಮ ಮುಖಾನೇ ನೋಡ್ತಿದಾಳೆ."

ನೋಡುತ್ತಿದ್ದಳು, ನಿಜ. ಲೋಕಸೇವಾ ಆಯೋಗದ ಸಂದರ್ಶನದಲ್ಲಿ ನಡುವಿನ ಕುರ್ಚಿಯಲ್ಲಿ ಕೂತವರು ನೋಡುವಂತೆ, ರೆಪ್ಪೆ ಬಡಿಯದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. ಅತ್ತೆ ಕುಚ್ಚಲಕ್ಕಿ ಆರಿಸುವುದನ್ನು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು.

ಚಮಚ ಎತ್ತಿದೆ. ಮೂಗಿನ ಮಟ್ಟಕ್ಕೆ ಬಂದಾಗ ಉಸಿರು ಕಟ್ಟಿದೆ. ತುಟಿ ತೆರೆದುಕೊಂಡಿತು, ಹಲ್ಲು ತೆರೆಯಲಿಲ್ಲ. ಹಲ್ಲನ್ನು ಒಪ್ಪಿಸುವಷ್ಟರಲ್ಲಿ ಹುಬ್ಬು ಮೇಲೇರಿತು. ಹುಬ್ಬನ್ನು ಇಳಿಸಿದರೆ ಎಡಗಣ್ಣು ಮುಚ್ಚಿಕೊಂಡಿತು. ಮನುಷ್ಯನ ಮುಖದಲ್ಲಿ ಇಷ್ಟೊಂದು ಸ್ನಾಯುಗಳಿವೆ, ಅವೆಲ್ಲ ಪಡವಲಕಾಯಿಯ ವಿರುದ್ಧ ಸಂಘ ಕಟ್ಟಿಕೊಂಡಿವೆ ಎಂಬುದು ನನಗೆ ಅಂದೇ ತಿಳಿದದ್ದು. ಕೊನೆಗೆ ಅದು ನಾಲಗೆಯ ಮೇಲೆ ಬಿತ್ತು. ನುಂಗಲಿಲ್ಲ, ಉಗುಳಲಿಲ್ಲ. ಎರಡು ಕೆನ್ನೆಗಳನ್ನೂ ಬಲವಂತವಾಗಿ ಕಿವಿಯ ಕಡೆಗೆ ಎಳೆದು, ಹಲ್ಲು ತೋರಿಸಿ, ಗಂಟಲ ಆಳದಿಂದ "ಆಹಾ" ಎಂದೆ. ಅದು "ಅಯ್ಯೋ"ಗೆ ಹತ್ತಿರವಾಗಿ ಕೇಳಿಸಿತೆಂದು ಅತ್ತೆ ಆಮೇಲೆ ಫೋನಿನಲ್ಲಿ ಪುತ್ತೂರಿಗೆ ವರದಿ ಮಾಡಿದರು. ಪುಟ್ಟಿ ನನ್ನನ್ನು ದಿಟ್ಟಿಸಿದಳು. ಅವಳ ಕೆಳತುಟಿ ನಿಧಾನವಾಗಿ ಹೊರಗೆ ಬಂತು. ಆಮೇಲೆ ಜೋರಾಗಿ ಅತ್ತಳು.

"ಪಡವಲಕಾಯಿ ಸೊಟ್ಟ ಆಗ್ಬಾರದು ಅಂತ ಚಪ್ಪರದಲ್ಲಿ ತುದಿಗೆ ಕಲ್ಲು ಕಟ್ತಾರೆ. ನಿನ್ನ ಮೂತಿಗೂ ಆಗಲೇ ಕಟ್ಟಬೇಕಿತ್ತು" ಎಂದಳು ಅಮ್ಮ.

ಅಂದು ರಾತ್ರಿ ನಾನು ವಿಜ್ಞಾನದ ಮೊರೆಹೊಕ್ಕೆ. ಅಮೆರಿಕದ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ 1928ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸಿಕ್ಕಿತು. ಆಗಷ್ಟೇ ಎದೆಹಾಲು ಬಿಟ್ಟ ಮಕ್ಕಳ ಮುಂದೆ ತಟ್ಟೆಯಲ್ಲಿ ಬಗೆಬಗೆಯ ಆಹಾರ ಇಟ್ಟು, ಬೇಕಾದ್ದನ್ನು ಅವರೇ ಆರಿಸಿಕೊಳ್ಳಲು ಬಿಟ್ಟದ್ದು. ಮುಂದೆ ಅಂಥ ಮಕ್ಕಳ ಸಂಖ್ಯೆ 15ಕ್ಕೇರಿತು. ನರ್ಸುಗಳು ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ತೋರಿಸಿದರೆ ಕೊಡಬೇಕು. ಒತ್ತಾಯವಿಲ್ಲ, ಮೆಚ್ಚುಗೆಯಿಲ್ಲ, "ಆಹಾ" ಇಲ್ಲ. ಮಕ್ಕಳೆಲ್ಲ ಚೆನ್ನಾಗಿಯೇ ಬೆಳೆದರು. ನಾನು ಬೆಳಗಾಗುತ್ತಲೇ ಫೋನು ಹಿಡಿದು ಅಡುಗೆಮನೆಗೆ ಹೋದೆ. "ಮಗು ಕೇಳಿದ್ದನ್ನು ಕೊಟ್ಟರಾಯ್ತಮ್ಮ. ಒಂದು ಹೊತ್ತು ಒಂದನ್ನೇ ತಿಂದ್ರೂ ಕೊನೇಗೆ ಎಲ್ಲ ಸರಿಹೋಗುತ್ತಂತೆ."

ಅಮ್ಮ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು. "ಆ ತಟ್ಟೇಲಿ ಚಕ್ಲಿ ಇತ್ತೇನೋ?"

ಇರಲಿಲ್ಲ. ಹಾಲು, ಮೊಟ್ಟೆ, ಮಾಂಸ, ಹಣ್ಣು, ತರಕಾರಿ, ಮೂಳೆಯ ಮಜ್ಜೆಯವರೆಗೂ ಇತ್ತು, ಸಕ್ಕರೆಯಿಲ್ಲ, ಕರಿದದ್ದಿಲ್ಲ. ಗುಟ್ಟು ಇರುವುದೇ ಆ ಪಟ್ಟಿಯಲ್ಲಿ ಎಂದು ಡೇವಿಸರೂ ಬರೆದಿದ್ದರು. ನಾನು ಆ ಸಾಲನ್ನು ಅಮ್ಮನಿಗೆ ಓದಿ ಹೇಳಿರಲಿಲ್ಲ.

ಅಮ್ಮನಿಗೆ ಇದು ಓದಿ ಬಂದದ್ದಲ್ಲ. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ನಮ್ಮ ತಿ. ನರಸೀಪುರ ತಾಲೂಕು ಅದರಲ್ಲೊಂದು. ಎಂಬತ್ತರ ದಶಕದಲ್ಲಿ ಅಮ್ಮ ಅಲ್ಲಿ ಟೀಚರಾಗಿ ಸೇರಿ, ಅರವತ್ತಾಗುವವರೆಗೆ ಊರ ಮಕ್ಕಳನ್ನೆಲ್ಲ ತೂಗಿ, ಕಾರ್ಡು ತುಂಬಿ, ಉಣ್ಣಿಸಿದವಳು. ಅವಳ ಕೈಯಲ್ಲಿ ಸೊಪ್ಪು ತರಕಾರಿ ತಿನ್ನದ ಒಂದೇ ಒಂದು ಮಗು ಅವಳ ಮನೆಯಲ್ಲಿತ್ತು. ಇದನ್ನು ಅವಳು ಸಹೋದ್ಯೋಗಿಗಳಿಗೆ ಹೇಳಿರಲಿಲ್ಲವಂತೆ.

"ಬೇಡ ಅಂತ ಮುಖ ತಿರುಗಿಸೋ ಮಕ್ಕಳನ್ನ ಕಂಡ್ರೆ ನನಗೆ ಭಯ ಇರ್ಲಿಲ್ಲ ಕಣೋ" ಎಂದಳು, ಸಾರಿಗೆ ಹುಣಸೆಹಣ್ಣು ಕಿವುಚುತ್ತ. "ಕೆಲವು ಮಕ್ಕಳಿದ್ವು. ಚಮಚ ಬಾಯಿ ಹತ್ರ ತಂದ್ರೆ ತೆಗೀತಾನೂ ಇರ್ಲಿಲ್ಲ, ತಿರುಗಿಸ್ತಾನೂ ಇರ್ಲಿಲ್ಲ. ಸುಮ್ನೆ ನೋಡ್ತಿದ್ವು. ಅಳೋಕೂ ಶಕ್ತಿ ಇರ್ಲಿಲ್ಲ. ಅವು ಒಂದಿನ ಚಮಚ ತಳ್ಳಿ ಚೆಲ್ಲಿಬಿಟ್ರೆ ನಾನು, ಆಯಮ್ಮ ಇಬ್ರೂ ನಗ್ತಿದ್ವಿ. ನಿನ್ನ ಮಗಳು ಅತ್ತಳಲ್ಲ, ಅಳಲಿ ಬಿಡು."

ನಾನು ಫೋನನ್ನು ಜೇಬಿಗಿಟ್ಟುಕೊಂಡೆ. ಹೇಳಲು ಏನೂ ತೋಚದೆ ಈರುಳ್ಳಿ ಹೆಚ್ಚತೊಡಗಿದೆ. ದಪ್ಪವಾಯಿತೆಂದು ಬೈಸಿಕೊಂಡೆ.

ಆ ವಾರವಿಡೀ ಪ್ರದರ್ಶನ ಮುಂದುವರಿಯಿತು. ಪುಟ್ಟಿ ಉಗುಳಿದಳು, ಕೂದಲಿಗೆ ಬಳಿದುಕೊಂಡಳು, ನನ್ನ ಕನ್ನಡಕಕ್ಕೆ ಬಳಿದಳು, ಯಾವಾಗಲೋ ಒಮ್ಮೆ ಮರೆತು ನುಂಗಿದಳು. ಅವಳಿಗಾಗಿ ನಾನು ನುಂಗಿದ್ದಕ್ಕೆ ಲೆಕ್ಕವಿಲ್ಲ. ಹೇಳಬಾರದು, ಅಷ್ಟು ನುಂಗಿದ ಮೇಲೆ ನನ್ನ ಎಡಗಣ್ಣು ಮುಚ್ಚಿಕೊಳ್ಳುವುದು ನಿಂತಿತು. ಮೊನ್ನೆ ದೊಡ್ಡವರ ಪಲ್ಯದಲ್ಲಿ, ಕಡಲೆಬೇಳೆ ಹಾಕಿ ಒಗ್ಗರಣೆ ಕೊಟ್ಟಿದ್ದರಿಂದಲೋ ಏನೋ, ಎರಡನೆಯ ಸಲ ಬಡಿಸಿಕೊಂಡೆ. ಯಾರೂ ಏನೂ ಅನ್ನಲಿಲ್ಲ. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡ ರೀತಿ ಮಾತ್ರ ನನಗೆ ಹಿಡಿಸಲಿಲ್ಲ.

ಈಗ ಪುಟ್ಟಿಗೆ ಹತ್ತು ತಿಂಗಳು. ಚಮಚವನ್ನು ತಾನೇ ಹಿಡಿಯುತ್ತಾಳೆ. ತನ್ನ ಬಾಯಿಗೆ ಹೋಗಬೇಕಾದದ್ದನ್ನು ನನ್ನ ಬಾಯಿಗೆ ತುರುಕಿ, ಮುಖವನ್ನೇ ನೋಡುತ್ತ ಕಾಯುತ್ತಾಳೆ. "ಆಹಾ" ಬರುವವರೆಗೆ ಚಮಚ ಹೊರಗೆ ತೆಗೆಯುವುದಿಲ್ಲ. ಸೋರೆಕಾಯಿ ಆಯಿತು, ಹೀರೆಕಾಯಿ ಆಯಿತು, ಬೀಟ್‌ರೂಟು ಆಗಿ ಮನೆಯ ಬಟ್ಟೆಗಳೆಲ್ಲ ಕೆಂಪಾದವು.

"ಹಾಗಲಕಾಯಿ ಯಾವಾಗ ಶುರು ಮಾಡೋಣ ಅತ್ತೆ?" ಎಂದು ನಿನ್ನೆ ನನ್ನ ಹೆಂಡತಿ ಕೇಳುತ್ತಿದ್ದಳು.

"ಮಗೂಗೆ ಅವಸರ ಇಲ್ಲ, ವರ್ಷ ತುಂಬಲಿ" ಎಂದಳು ಅಮ್ಮ. "ಇವನಿಗಾದ್ರೆ ನಾಳೆಯಿಂದಲೇ ಆಗ್ಬಹುದು."