ಅಂಜಾಕ ಬಿಡವಲ್ಲರು

ಗೆಲ್ಲಬೇಕೆಂದು ಆಡಬೇಡಿ, ಕಥೆಯೊಳಗೆ ಇಳಿಯಿರಿ, ಕೋಣೆ ಕತ್ತಲು ಮಾಡಿಕೊಳ್ಳಿ, ಹೆಡ್‌ಫೋನ್ ಹಾಕಿಕೊಳ್ಳಿ. 'ಆಮ್ನೀಸಿಯಾ: ದ ಡಾರ್ಕ್ ಡಿಸೆಂಟ್' ಎಂಬ ಆಟ ಶುರುವಾಗುವುದೇ ಇಂಥ ಉಪದೇಶದಿಂದ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರು 2010ರಲ್ಲಿ ಇದನ್ನು ಬಿಟ್ಟಾಗ ಸಿಂಧನೂರಿನ ಮನೆಗಳು ಅವರ ಲೆಕ್ಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಕತ್ತಲಿಗೇನೂ ನಮ್ಮಲ್ಲಿ ಬರವಿಲ್ಲ, ಕರೆಂಟಿನವರು ಆಗಾಗ ಪುಕ್ಕಟೆ ಒದಗಿಸುತ್ತಾರೆ. ಒಬ್ಬನೇ ಕೂರುವುದು ಮಾತ್ರ ಸಾಧ್ಯವಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ 'ಕರದ್ರ ಓ ಅನ್ನಂಗಿಲ್ಲ' ಎಂದು ಅವ್ವ ಅದನ್ನು ಕಿತ್ತು ಗೂಟಕ್ಕೆ ಹಾಕುತ್ತಾಳೆ.

ಕಥೆ ನಡೆಯುವುದು 1839ರಲ್ಲಿ, ಪ್ರಶ್ಯಾದ ಕಾಡಿನೊಳಗಿನ ಬ್ರೆನ್ನೆನ್‌ಬರ್ಗ್ ಎಂಬ ಕೋಟೆಯಲ್ಲಿ. ಡೇನಿಯಲ್ ಎಂಬುವನು ಎಚ್ಚರಾಗುತ್ತಾನೆ. ಹೆಸರೊಂದು ಬಿಟ್ಟರೆ ಹೆಚ್ಚೇನೂ ನೆನಪಿಲ್ಲ. ಅವನಿಗೇ ಅವನೇ ಬರೆದಿಟ್ಟ ಚೀಟಿ ಸಿಗುತ್ತದೆ: ಮರೆಯಲೆಂದೇ ಮದ್ದು ಕುಡಿದಿದ್ದೇನೆ, ನೀನು ಕೆಳಗಿಳಿದು ಅಲೆಕ್ಸಾಂಡರನನ್ನು ಕೊಲ್ಲು ಎಂದು. ಕೈಯಲ್ಲಿ ಆಯುಧವಿಲ್ಲ. ಇರುವುದೊಂದು ಕಂದೀಲು, ಅದರ ಎಣ್ಣೆಯೂ ತೀರುತ್ತಿರುತ್ತದೆ. ಕತ್ತಲಲ್ಲಿ ನಿಂತರೆ ಬುದ್ಧಿ ಕೆಡುತ್ತದೆ, ದೆವ್ವವನ್ನು ದಿಟ್ಟಿಸಿದರೂ ಕೆಡುತ್ತದೆ. ಒಗಟು ಬಿಡಿಸಿ ಮುಂದೆ ಹೋದರೆ ಮತ್ತೆ ನೆಟ್ಟಗಾಗುತ್ತದೆ.

'ಅಲ್ಲೋ ತಮ್ಮಾ, ಈ ಹೊತ್ನ್ಯಾಗ ಎಲ್ಲಿಗೆ ಹೊಂಟಾನ? ಮನ್ಯಾಗ ಹೇಳಿ ಬಂದಾನಿಲ್ಲೋ?' ಅವ್ವ ಬೆನ್ನ ಹಿಂದೆ ಬಂದು ಕೂತಳು. 'ಊಟ ಆಗೇತೇನು ಅವಂದು?'

ಬುದ್ಧಿ ತೀರ ಕೆಟ್ಟಾಗ ಡೇನಿಯಲ್ ಕಟಕಟ ಹಲ್ಲು ಕಡಿಯುವ ಸದ್ದು ಕೇಳುತ್ತದೆ. ಪ್ರಪಂಚದಲ್ಲಿ ಎಷ್ಟೋ ಜನ ಅದನ್ನು ಕೇಳಿ ಕಂಪ್ಯೂಟರ್ ಆರಿಸಿ ಎದ್ದುಹೋಗಿದ್ದಾರೆ. ಅವ್ವ ಮಾತ್ರ ಶಾಂತವಾಗಿ, 'ಹೊಟ್ಯಾಗ ಜಂತುಹುಳ ಆಗ್ಯಾವ, ಗುಳಿಗಿ ಕೊಡಸು' ಎಂದಳು. ಪರದೆ ಮೇಲೆ ಹುಳು ಹರಿದಾಡತೊಡಗಿದ್ದೇ ತಡ, ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಲ್ಯಾಪ್‌ಟಾಪನ್ನು ಗಸಗಸ ಒರೆಸಿಬಿಟ್ಟ.

ಈ ಆಟದ ಅತಿ ಭಯಂಕರ ಜಾಗ ನೀರು ತುಂಬಿದ ನೆಲಮಾಳಿಗೆ. ಅಲ್ಲಿರುವ ಪ್ರಾಣಿ ಕಣ್ಣಿಗೆ ಕಾಣುವುದಿಲ್ಲ. ನೀರು ಮಾತ್ರ ಚಳಕ್ ಚಳಕ್ ಎಂದು ಸಿಡಿಯುತ್ತ ನಮ್ಮ ಕಡೆಗೇ ಬರುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಜಿಗಿಯುತ್ತ, ಮಾಂಸದ ತುಂಡೆಸೆದು ಅದರ ಗಮನ ತಪ್ಪಿಸುತ್ತ ದಾಟಬೇಕು. ನನ್ನ ಅಂಗೈ ಬೆವರಿತ್ತು. ಕಾಕಾ ಆಕಳಿಸಿದ. 'ಕಪ್ಪಿ ಇರಬೇಕು ಬಿಡು.' ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಅವನ ಭತ್ತದ ಗದ್ದೆ. ರಾತ್ರಿಯೆಲ್ಲ ಕತ್ತಲಲ್ಲಿ ನೀರು ತಿರುವುತ್ತ ಬದುವಿನ ಮೇಲೆ ಅಲೆದವನಿಗೆ ಚಳಕ್ ಸದ್ದು ಲೆಕ್ಕಕ್ಕೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತಲ್ಲ, ಆಗ ಅಂಜಿದ್ದನಂತೆ. 'ನೀರು ಬಂದ್ರ ಅಂಜೂದಲ್ಲೋ, ನೀರು ಹೋದ್ರ ಅಂಜಬೇಕು.' ಆಟ ಮಾಡಿದವರು ಈ ದಿಕ್ಕಿನಿಂದ ಯೋಚಿಸಿದಂತಿಲ್ಲ.

ಲಿಂಗಸುಗೂರಿನಿಂದ ಮಾವ ಬಂದದ್ದು ಒಗಟುಗಳ ಪಾಲಿಗೆ ಒಳ್ಳೆಯದಾಯಿತು. ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ನಿವೃತ್ತನಾದ ಜೀವ. ನೆಲದೊಳಗಿನ ಕತ್ತಲನ್ನು ತೋರಿಸಿ ಅವನನ್ನು ಹೆದರಿಸುವುದುಂಟೇ? ದಾರಿಗಡ್ಡವಾದ ಮಾಂಸದಂಥ ಗಂಟನ್ನು ಕರಗಿಸಲು ನಾಲ್ಕು ರಾಸಾಯನಿಕ ಹುಡುಕಿ ಕಾಸಬೇಕಿತ್ತು. ಅದರಲ್ಲೊಂದು ಅಕ್ವಾ ರೀಜಿಯಾ. 'ಬಂಗಾರ ಕರಗಸೂ ಆಸಿಡ್ ಅದು! ನಮ್ ಹಟ್ಟ್ಯಾಗ ಸೈನೈಡ್ ಹಾಕ್ತಾರ' ಎಂದು ಮಾವ ಕುರ್ಚಿ ಮುಂದಕ್ಕೆಳೆದ. ಇನ್ನೊಂದು ಕ್ಯಾಲಮೈನ್. 'ಅದು ಬೆವರುಸಾಲಿಗೆ ಹಚ್ಚೂದಲ್ಲೇನು?' ಎಂದಳು ಅತ್ತಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದಿಡುತ್ತ. ಮುಂದೆ ಕೋಟೆಯ ಲಿಫ್ಟು ರಿಪೇರಿ ಮಾಡಿ ಡೇನಿಯಲ್ ಇಳಿಯತೊಡಗಿದಾಗ ಮಾವ ಸಿಡಿದೇ ಬಿಟ್ಟ: 'ಗಂಟಿ ಹೊಡೀದ ಕೇಜ್ ಬಿಡ್ತಾರೇನ್ಲೇ ಯಾರರ?'

ಮಸ್ಕಿಯ ಅಳಿಯಂದಿರು ಇತಿಹಾಸದ ಮೇಷ್ಟ್ರು. ದೆವ್ವ ಬಂದರೆ ಮೊಬೈಲ್ ನೋಡುತ್ತಾರೆ, ಚೀಟಿ ಸಿಕ್ಕರೆ ಕನ್ನಡಕ ಏರಿಸುತ್ತಾರೆ. ಅವರೂರಿನ ಬಂಡೆಯ ಕಥೆ ಶುರುವಾಯಿತು. ಪ್ರಿನ್ಸೆಪ್ 1837ರಲ್ಲೇ ಬ್ರಾಹ್ಮಿ ಲಿಪಿ ಓದಿದ. ಆದರೂ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದಲ್ಲದೆ ಹೆಸರಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯ ಶಾಸನ ಕಂಡಿತು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇದಕ್ಕಿಂತ ದೊಡ್ಡ ಒಗಟು ಯಾವ ಆಟದಲ್ಲಿದೆ ಎಂಬುದು ಅಳಿಯಂದಿರ ಸವಾಲು. ಉತ್ತರ ನನ್ನಲ್ಲಿರಲಿಲ್ಲ, ಅಷ್ಟರಲ್ಲಿ ಡೇನಿಯಲ್ಲನ ಹಿಂದೆ ಯಾವುದೋ ಬಾಗಿಲು ಒಡೆಯುತ್ತಿತ್ತು.

ಚೀಟಿಗಳನ್ನೆಲ್ಲ ಜೋಡಿಸಿದ್ದೂ ಅವರೇ. ಬೆನ್ನಟ್ಟಿದ ನೆರಳಿನಿಂದ ತಪ್ಪಿಸಿಕೊಳ್ಳಲು ಡೇನಿಯಲ್ ಅಲೆಕ್ಸಾಂಡರನ ಮಾತು ಕೇಳಿ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟಿದ್ದಾನೆ. ಅದನ್ನು ಮರೆಯಲೆಂದೇ ಮದ್ದು. 'ಕಳಿಂಗದಾಗ ಕೊಂದಾಂವ ಅದನ್ನ ಕಲ್ಲಿನ ಮ್ಯಾಲ ಬರಸಿದ, ಇಂವ ಕುಡದು ಮರತ' ಎಂದರು ಅಳಿಯಂದಿರು. ನಿಜಕ್ಕೂ ಎದೆ ಝಲ್ಲೆಂದದ್ದು ನನಗೆ ಆಗಲೇ. ಅವ್ವ ಮಾತ್ರ ಕೈಲಿದ್ದ ಮಿರ್ಚಿಯನ್ನು ತಾಟಿಗಿಟ್ಟು, 'ಮೂಳ, ಇಂಥವಂದು ಊಟ ಆಗೇತೇನು ಅಂತ ನಾ ಕೇಳಿದ್ನೆಲ್ಲಾ!' ಎಂದಳು.

ಈಗ ಕೊನೆಯ ಘಟ್ಟ. ಮೂರು ಬಗೆಯಲ್ಲಿ ಮುಗಿಸಬಹುದು: ಅಲೆಕ್ಸಾಂಡರನನ್ನು ತಡೆಯಬಹುದು, ಅವನನ್ನು ಹೋಗಗೊಡಬಹುದು, ಇಲ್ಲವೆ ಸರಪಳಿಯಲ್ಲಿರುವ ಅಗ್ರಿಪ್ಪ ಎಂಬ ಮುದುಕನ ತಲೆಯನ್ನು ಅವನೇ ಕೇಳಿಕೊಂಡಂತೆ ಕಡಿದು ದ್ವಾರದೊಳಗೆ ಎಸೆಯಬಹುದು. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಮಾವ, ಮುದುಕನ ತಲೆ ಮುಟ್ಟಕೂಡದೆಂದು ಅತ್ತಿ. ಬೀಗರಿಗೂ ಕೇಳೋಣವೆಂದು ಕಾಕಾ. ಎಳ್ಳಮಾಸಿಗೆ ಎಲ್ಲರೂ ಲಿಂಗಸುಗೂರಿಗೆ ಹೋಗುವುದೆಂದೂ, ಮಾವನ ಜೋಳದ ಹೊಲದಲ್ಲಿ ಚರಗ ಚೆಲ್ಲಿ, ಉಂಡಾದ ಮೇಲೆ ಬನ್ನಿಗಿಡದ ನೆರಳಲ್ಲಿ ಆಟ ಮುಗಿಸುವುದೆಂದೂ ತೀರ್ಮಾನವಾಗಿದೆ. ಲ್ಯಾಪ್‌ಟಾಪಿಗೆ ಫುಲ್ ಚಾರ್ಜ್ ಮಾಡಿಕೊಂಡು ಬರುವುದು, ಅಲ್ಲಿಯವರೆಗೆ ಒಬ್ಬನೇ ಆಡದಿರುವುದು, ಇವೆರಡು ನನ್ನ ಜವಾಬ್ದಾರಿ.